ಯಾರ ರೊಕ್ಕ, ಯಾರ ಲಾಭ? ವಡಗಾವಿಯಲ್ಲಿ ಮುರಿದ ಒಂದು ಭಿಶಿ

ಬೆಳಗಾವಿಯ ಚಹಾ ಅಂಗಡಿಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. "ಶನಿವಾರ ಬಂತಂದ್ರ ನಮ್ಮ ಮಂದಿ ರೊಕ್ಕ ತಗೊಂಡು ಗೋವಾಕ್ಕ ಹೊಂಡ್ತಾರ. ಆ ಕ್ಯಾಸಿನೊ ಇಲ್ಲೇ ಮಾಡಿದ್ರ ನಮ್ಮ ಊರು ಉದ್ಧಾರ ಆಗತಿತ್ತು." ಹೇಳುವವರು ಕೆಟ್ಟವರಲ್ಲ. ಊರಿಗೆ ನಾಲ್ಕು ಕಾಸು ಬರಲಿ, ಹುಡುಗರಿಗೆ ಕೆಲಸ ಸಿಗಲಿ ಅನ್ನುವ ಆಸೆ ಅದು. 2020ರ ಫೆಬ್ರವರಿಯಲ್ಲಿ ಆಗಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಅವರೂ ಕರ್ನಾಟಕಕ್ಕೆ ಕ್ಯಾಸಿನೊ ಬಂದರೆ ಪ್ರವಾಸಿಗರು ಬರುತ್ತಾರೆ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ವಿರೋಧ ಬಂದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಚಹಾ ಅಂಗಡಿಯಲ್ಲಿ ಮಾತ್ರ ನಿಂತಿಲ್ಲ.

ಆದರೆ ಒಂದು ವಿಷಯ ನಾವು ಗಮನಿಸಿಲ್ಲ. ಜೂಜಿನ ಕಾನೂನು ಸಡಿಲವಾದರೆ ಊರಿಗೆ ಏನಾಗುತ್ತದೆ ಅಂತ ತಿಳಿಯಲು ನಾವು ಕ್ಯಾಸಿನೊ ಬರುವವರೆಗೆ ಕಾಯಬೇಕಿಲ್ಲ. 2022ರ ಫೆಬ್ರವರಿಯಿಂದ 2025ರ ಆಗಸ್ಟ್‌ವರೆಗೆ, ಸುಮಾರು ಮೂರೂವರೆ ವರ್ಷ, ನಮ್ಮ ಊರಲ್ಲಿ ಅದು ನಡೆದುಹೋಗಿದೆ. ಗೋವಾದಂತೆ ಕ್ಯಾಸಿನೊ ಬೋಟಿನಲ್ಲಿ ಅಲ್ಲ, ಮೊಬೈಲಿನಲ್ಲಿ.

ನಾನು ಬೆಳಗಾವಿಯ ಶಹಾಪುರ, ವಡಗಾವಿ, ಖಾಸಬಾಗ ಕಡೆಯ ಸಣ್ಣ ಸಹಕಾರಿ ಸಂಘಗಳ ಲೆಕ್ಕ ಬರೆಯುವವನು. ಈ ಬರಹ ವಡಗಾವಿಯ ಒಂದು ಓಣಿಯದ್ದು, ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ರೊಕ್ಕ ಕೂಡಿಸುತ್ತಿದ್ದ, ಅಲ್ಲಿ ಮುರಿದುಬಿದ್ದ ಒಂದು ಭಿಶಿಯದ್ದು. ಮನೆಯವರ ಒಪ್ಪಿಗೆ ತೆಗೆದುಕೊಂಡು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ, ಮೊತ್ತಗಳನ್ನು ಸಾವಿರಕ್ಕೆ ಸರಿಮಾಡಿದ್ದೇನೆ.

ಓಣಿ ಮತ್ತು ಭಿಶಿ

ಈ ಭಾಗದಲ್ಲಿ ಮನೆ ಮನೆಯಲ್ಲೂ ಪವರ್‌ಲೂಮ್. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಸಂಸಾರ. ಶೇಠ್ ನೂಲು ಕೊಡುತ್ತಾರೆ, ಮನೆಯವರು ಸೀರೆ ನೇಯ್ದು ಕೊಡುತ್ತಾರೆ, ಸೀರೆಗೆ ಇಷ್ಟು ಅಂತ ಮಜೂರಿ ವಾರಕ್ಕೊಮ್ಮೆ ಕೈಗೆ ಬರುತ್ತದೆ. ಗಂಡ ಮಗ್ಗದ ಮುಂದೆ ನಿಂತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ವಾರದ ರೊಕ್ಕದಲ್ಲಿ ರವಿವಾರದ ಸಂತೆ, ಕಿರಾಣಿ ಅಂಗಡಿಯ ಉದ್ರಿ, ಕರೆಂಟ್ ಬಿಲ್. ಉಳಿದರೆ ಭಿಶಿ.

ಭಿಶಿ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಪ್ಪತ್ತು ಮನೆಯ ಹೆಣ್ಣುಮಕ್ಕಳು, ತಿಂಗಳಿಗೆ ತಲಾ 1,000 ರೂಪಾಯಿ. ಸೇರಿದ 20,000 ಒಬ್ಬರಿಗೆ. ಮುಂದಿನ ತಿಂಗಳು ಇನ್ನೊಬ್ಬರಿಗೆ. ಬಡ್ಡಿ ಇಲ್ಲ, ಕಾಗದ ಇಲ್ಲ, ಸಹಿ ಇಲ್ಲ. ನಡೆಸುವ ಅಕ್ಕನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್, ಅದರಲ್ಲಿ ಹೆಸರು ಮತ್ತು ಟಿಕ್ ಗುರುತು, ಅಷ್ಟೇ. ಬ್ಯಾಂಕು ಬಾಗಿಲು ತೆಗೆಯದ ಮನೆಗಳಿಗೆ ಭಿಶಿಯೇ ಬ್ಯಾಂಕು. ಮಗ್ಗದ ಮೋಟರ್ ಸುಟ್ಟರೆ, ಮಗಳ ಕಾಲೇಜು ಫೀ ಬಂದರೆ, ಹೆರಿಗೆ ಬಂದರೆ "ಈ ತಿಂಗಳದ್ದು ನನಗ ಕೊಡ್ರಿ" ಅಂತ ಕೇಳಿ ಪಡೆಯಬಹುದು.

ಈ ಓಣಿಯ ಭಿಶಿ ಹನ್ನೊಂದು ವರ್ಷ ನಡೆದಿತ್ತು. ಕೊರೊನಾದಲ್ಲಿ ಮಗ್ಗಗಳು ನಿಂತು ಮನೆಗಳಲ್ಲಿ ಜೋಳಕ್ಕೂ ತತ್ವಾರ ಆದಾಗ ಕೆಲವು ತಿಂಗಳು ನಿಲ್ಲಿಸಿದ್ದರು, ಆದರೆ ಮುರಿದಿರಲಿಲ್ಲ. ಅಂಥದ್ದು 2025ರ ಜೂನ್‌ನಲ್ಲಿ ಒಂದೇ ಸಂಜೆಯಲ್ಲಿ ಮುರಿಯಿತು. ಆ ತಿಂಗಳ 20,000 ಕೊಡಬೇಕಿದ್ದದ್ದು ಎರಡು ಮನೆ ಆಚೆಯ ಒಬ್ಬ ತಾಯಿಗೆ. ಮಗಳಿಗೆ ಡಿಪ್ಲೊಮಾ ಸೀಟು ಸಿಕ್ಕಿತ್ತು, ಫೀ ಕಟ್ಟಲು ಮೂರು ದಿನ ಉಳಿದಿತ್ತು. ರೊಕ್ಕ ಇರಲಿಲ್ಲ.

ಭಿಶಿ ನಡೆಸುತ್ತಿದ್ದ ಅಕ್ಕ ಮೋಸಗಾರ್ತಿ ಅಲ್ಲ. ಎಲ್ಲರೂ ನಗದು ಬಿಟ್ಟು ಫೋನಿನಲ್ಲಿ ಹಾಕಲು ಶುರು ಮಾಡಿದ್ದರು. ಆಕೆಯ ಹತ್ತಿರ ಕೀಪ್ಯಾಡ್ ಫೋನ್. ಹಾಗಾಗಿ ರೊಕ್ಕ ಮಗನ ಖಾತೆಗೆ ಬರುತ್ತಿತ್ತು. ಮಗನಿಗೆ 24 ವರ್ಷ. ಉದ್ಯಮಬಾಗ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪಿನಲ್ಲಿ ಕೆಲಸ, ತಿಂಗಳಿಗೆ 14,000 ಪಗಾರ. ಕುಡಿತ ಇಲ್ಲ, ಗುಟ್ಕಾ ಇಲ್ಲ. ಓಣಿಯಲ್ಲಿ ಒಳ್ಳೆಯ ಹುಡುಗ ಅಂತ ಹೆಸರು.

ಪಾಸ್‌ಬುಕ್

ಅವನ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ ಸಾಲು ಸಾಲಾಗಿ ಓದಿದೆವು. ಅವನೂ ಪಕ್ಕದಲ್ಲಿ ಕೂತಿದ್ದ.

2024ರ ಐಪಿಎಲ್ ಸಮಯದಲ್ಲಿ ಮೊದಲ ನಮೂದು: 49 ರೂಪಾಯಿ. ಮ್ಯಾಚಿಗೊಂದು ತಂಡ ಕಟ್ಟುವ ಆಟ. ಹಾಗೇ 49, 49, 99. ಮೇ ತಿಂಗಳಲ್ಲಿ ಒಂದು ರಾತ್ರಿ ಖಾತೆಗೆ 6,000 ಜಮಾ ಆಗಿದೆ. ಮರುದಿನ ಅವನು ತಾಯಿಗೆ ಮಿಕ್ಸರ್ ತಂದಿದ್ದ. ಅದು ಅಡುಗೆಮನೆಯಲ್ಲಿ ಇವತ್ತಿಗೂ ಇದೆ. ಐಪಿಎಲ್ ಮುಗಿದ ಮೇಲೆ ರಮ್ಮಿ. ರಮ್ಮಿಗೆ ಸೀಸನ್ ಇಲ್ಲ, ರಾತ್ರಿ ಹಗಲು ಇಲ್ಲ. ಅಲ್ಲಿಂದ ಪುಟಗಳು ಬೇರೆಯಾಗುತ್ತವೆ. ರಾತ್ರಿ 11.40ಕ್ಕೆ 500. 11.52ಕ್ಕೆ 500. 12.05ಕ್ಕೆ 1,000. 12.30ಕ್ಕೆ 1,800 ವಾಪಸ್. 12.34ಕ್ಕೆ 2,000 ಹೊರಗೆ. ಪಗಾರ ಬಂದ ದಿನದ ಪುಟವಂತೂ ಓದಲು ಸಂಕಟ ಆಗುತ್ತದೆ. ಸಂಜೆ ಆರಕ್ಕೆ 14,000 ಜಮಾ, ನಸುಕಿನ ಎರಡು ಗಂಟೆಗೆ ಉಳಿದದ್ದು 310.

ಒಟ್ಟು ಕೂಡಿಸಿದೆವು. ಆಟದ ಆ್ಯಪಿಗೆ ಹೋದದ್ದು 2,86,000. ವಾಪಸ್ ಬಂದದ್ದು 1,61,000. ಹೋದದ್ದು ಹೋಗೇಬಿಟ್ಟದ್ದು 1,25,000.

ಈ ಮೂರು ಅಂಕಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಧ್ಯದ್ದು. 1,61,000 ವಾಪಸ್ ಬಂದಿದೆ. ಅಂದರೆ ಹುಡುಗ ಗೆಲ್ಲುತ್ತಲೂ ಇದ್ದ, ನೂರಾರು ಸಲ ಗೆದ್ದಿದ್ದ. "ಹತ್ತತಿತ್ತ್ರಿ ಸರ್, ಹತ್ತಲಾರದ ಇರತಿದ್ದಿಲ್ಲ" ಅಂದ. ಗೆದ್ದದ್ದು ಕೈಯಲ್ಲಿ ನಿಲ್ಲುವುದಿಲ್ಲ, ಮತ್ತೆ ಅಲ್ಲೇ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಆಡಿಸುವವರ ಪಾಲು ಕಡಿತವಾಗುತ್ತಾ ಹೋಗುತ್ತದೆ.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ, ಅಂಕಿಗೆ ರೊಕ್ಕ ಹಚ್ಚುವ ಮಟಕಾ ಜೂಜಿನ ಲೆಕ್ಕದಲ್ಲೇ ಇದನ್ನು ನೋಡಬಹುದು. ಮಟಕಾ ಮುಂಬೈಯಲ್ಲಿ 1960ರ ದಶಕದಲ್ಲಿ ಬೆಳೆದದ್ದು. ಅದಕ್ಕೂ ಮೊದಲು ನ್ಯೂಯಾರ್ಕಿನ ಹತ್ತಿ ಪೇಟೆಯ ಓಪನ್ ಮತ್ತು ಕ್ಲೋಸ್ ದರದ ಮೇಲೆ ರೊಕ್ಕ ಹಚ್ಚುತ್ತಿದ್ದರು, ಆ ದರ ಬರುವುದು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತಲು ಶುರು ಮಾಡಿದರು. ನಮ್ಮ ಜಿಲ್ಲೆಗಳ ಪೊಲೀಸ್ ಪ್ರಕಟಣೆಗಳಲ್ಲಿ "1 ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಹೇಳಿ" ಅನ್ನುವ ಸಾಲು ಓದಿಯೇ ಇರುತ್ತೀರಿ. ಜೋಡಿ ಅಂಕಿ ಹತ್ತುವ ಸಾಧ್ಯತೆ ನೂರಕ್ಕೆ ಒಂದು. ಹತ್ತಿದರೆ ಕೊಡುವುದು 80. ಅಂದರೆ ಆಡುವವರೆಲ್ಲ ಸೇರಿ ಹಚ್ಚಿದ ಪ್ರತಿ 100ರಲ್ಲಿ ಸರಾಸರಿ 80 ಮಾತ್ರ ಆಡುವವರಿಗೆ ಮರಳುತ್ತದೆ. ಆ 80ನ್ನು ಮತ್ತೆ ಹಚ್ಚಿದರೆ 64. ಹೀಗೆ ಹತ್ತು ಸುತ್ತು ಹಚ್ಚುತ್ತಾ ಹೋದರೆ ಸರಾಸರಿ ಉಳಿಯುವುದು 10 ರೂಪಾಯಿ ಚಿಲ್ಲರೆ. ಯಾರೋ ಒಬ್ಬರು ಗೆದ್ದಿರಬಹುದು. ಓಣಿ ಗೆಲ್ಲುವುದಿಲ್ಲ. ಊರೂ ಗೆಲ್ಲುವುದಿಲ್ಲ.

ರಮ್ಮಿ ಬೇರೆ, ಮಟಕಾ ಬೇರೆ ಅಂತ ಕಾನೂನು ಹೇಳುತ್ತದೆ. ರಮ್ಮಿ ಹೆಚ್ಚಾಗಿ ಜಾಣ್ಮೆಯ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಇರಲಿ, ಒಪ್ಪೋಣ. ಆದರೆ ಆಡಿಸುವವರ ಕಮಿಷನ್ ಜಾಣ್ಮೆಗೆ ಬಗ್ಗುವುದಿಲ್ಲ. ಜಾಣರು ಗೆದ್ದರೂ ದಡ್ಡರು ಗೆದ್ದರೂ ಅದು ಕಡಿತವಾಗುತ್ತದೆ. 2023ರ ಅಕ್ಟೋಬರ್‌ನಿಂದ ಹಾಕಿದ ಪೂರ್ತಿ ರೊಕ್ಕದ ಮೇಲೆ ಶೇ 28ರ ಜಿಎಸ್‌ಟಿ ಬೇರೆ ಬಂತು.

ಕಾನೂನು ಬದಲಾದಾಗ ಬದಲಾದದ್ದು

ನಮ್ಮ ರಾಜ್ಯದ ಕಾನೂನಿನ ದಾರಿ ಹೀಗಿದೆ. ಸಂವಿಧಾನದಲ್ಲಿ ಜೂಜು ರಾಜ್ಯಗಳ ಪಟ್ಟಿಯ ವಿಷಯ. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಮಟಕಾ ಬರೆಯುವವನನ್ನು ಹಿಡಿದರೆ 78ನೇ ಕಲಂ, ಬಯಲಲ್ಲಿ ಅಂದರ್ ಬಾಹರ್ ಆಡಿದವರಿಗೆ 87ನೇ ಕಲಂ. 2007ರಲ್ಲಿ ರಾಜ್ಯ ಲಾಟರಿಯನ್ನೂ ನಿಲ್ಲಿಸಿತು. ಕೂಲಿಯ ಜನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಂದಂಕಿ ಲಾಟರಿಗೆ ದಿನದ ದುಡಿಮೆ ಸುರಿಯುತ್ತಿದ್ದ ಕಾಲ ನೋಡಿದವರಿಗೆ ಆ ನಿರ್ಧಾರದ ಬೆಲೆ ಗೊತ್ತು. ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯಿಂದ 2021ರ ಅಕ್ಟೋಬರ್ 5ರಿಂದ ರೊಕ್ಕದ ಆನ್‌ಲೈನ್ ಆಟಗಳಿಗೂ ನಿಷೇಧ ಬಂತು, ಜಾಣ್ಮೆಯ ಆಟಕ್ಕೆ ರೊಕ್ಕ ಹಚ್ಚುವುದೂ ಅದರಲ್ಲಿ ಸೇರಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೋರ್ಟಿನ ಮುಂದಿದ್ದ ಪ್ರಶ್ನೆ ರಾಜ್ಯಕ್ಕೆ ಆ ಅಧಿಕಾರ ಇದೆಯಾ, ಜಾಣ್ಮೆಯ ಆಟವನ್ನು ಜೂಜು ಅನ್ನಬಹುದಾ ಅನ್ನುವುದು. ವಡಗಾವಿಯ ಓಣಿಗೆ ಏನಾಗುತ್ತದೆ ಅನ್ನುವುದು ಆ ಪ್ರಶ್ನೆಯೊಳಗೆ ಇರಲಿಲ್ಲ.

ಆಮೇಲೆ ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಟಿವಿಯಲ್ಲಿ, ಯೂಟ್ಯೂಬಿನಲ್ಲಿ, ಮ್ಯಾಚಿನ ನಡುವೆ ಜಾಹೀರಾತು. ಸಿನಿಮಾದವರು, ಕ್ರಿಕೆಟಿನವರು ನಿಂತು ಕರೆದರು. ಜಾಹೀರಾತಿನ ಕೊನೆಗೆ ಯಾರ ಕಿವಿಗೂ ಹತ್ತದಷ್ಟು ಅವಸರದಲ್ಲಿ ಒಂದು ಎಚ್ಚರಿಕೆ.

ಕಾನೂನು ಸಡಿಲವಾದಾಗ ಆಟ ಸುಲಭವಾಗಿ ಸಿಗುತ್ತದೆ ಅನ್ನುವುದು ಅರ್ಧ ಮಾತು. ಉಳಿದರ್ಧ ಆ ಹುಡುಗನ ತಾಯಿ ಹೇಳಿದ್ದು. ಓಸಿ ಅಂದರೆ ಮಟಕಾ. "ಓಸಿ ಆಡ್ಯಾನ ಅಂದಿದ್ರ ಅವತ್ತ ಕಪಾಳಕ್ಕ ಬಾರಸ್ತಿದ್ನಿರಿ. ಇದು ಟಿವ್ಯಾಗ ಬರತಿತ್ತು. ಸರಕಾರ ಬಿಟ್ಟೈತಿ ಅಂದ ಮ್ಯಾಲ ಇದನ್ನ ಕೆಟ್ಟದ್ದು ಅಂತ ನಾ ಹೆಂಗ ತಿಳಕೋಬೇಕಿತ್ತ್ರಿ?"

ಈ ಪ್ರಕರಣದ ತಿರುಳು ಇದೇ ಅಂತ ನನಗೆ ಅನಿಸುತ್ತದೆ. ಮಟಕಾ ನಮ್ಮ ಊರಿಗೆ ಹೊಸದಲ್ಲ. ಎಷ್ಟೋ ಮನೆಗಳನ್ನು ಅದು ತಿಂದಿದೆ. ಆದರೂ ಅದಕ್ಕೊಂದು ನಾಚಿಕೆಯ ಬೇಲಿ ಇತ್ತು. ಚೀಟಿ ಬರೆಸಲು ಗೂಡಂಗಡಿಯ ಹಿಂದೆ ಹೋಗಬೇಕು, ಯಾರಾದರೂ ನೋಡಿಯಾರು ಅನ್ನುವ ಹೆದರಿಕೆ ಇತ್ತು, ಮನೆಯ ಹೆಂಗಸರಿಗೆ ಬೈಯುವ ಹಕ್ಕು ಇತ್ತು. ಆ ಮೂರೂವರೆ ವರ್ಷದಲ್ಲಿ ಬೇಲಿಯೇ ಬಿತ್ತು. ಓಸಿ ಅಂದರೆ ಮೂಗು ಮುರಿಯುತ್ತಿದ್ದ, ಓದಿದ, ಪಗಾರ ಬರುವ ಹುಡುಗರು ಇದಕ್ಕೆ ಬಂದರು. ರೊಕ್ಕ ಖಾಲಿ ಆದರೆ ಅದೇ ಫೋನಿನಲ್ಲಿ ಸಾಲದ ಆ್ಯಪ್ ಕೂಡ ಇತ್ತು.

1,25,000 ಎಲ್ಲೆಲ್ಲಿಂದ ಬಂತು

ಪಗಾರ ಪೂರ್ತಿ ಹೋಗುತ್ತಿದ್ದ ತಿಂಗಳುಗಳಲ್ಲಿ ಆ ಹುಡುಗ ಮನೆ ಖರ್ಚಿಗೆ ಸಾಲ ತಂದು ಕೊಡುತ್ತಿದ್ದ. ಹಾಗಾಗಿ ಕೊನೆಗೆ ಹೋದ ರೊಕ್ಕಕ್ಕೂ ಉಳಿದ ಸಾಲಕ್ಕೂ ಮೊತ್ತ ಒಂದೇ ಆಯಿತು. ತಾಯಿಯ ತಾಳಿ ಸರ ಅಡವಿಟ್ಟು 45,000. ತಾಯಿಯ ಹೆಸರಲ್ಲಿ ಮೈಕ್ರೊಫೈನಾನ್ಸ್ 40,000, ಕಾರಣ ಮಗ್ಗದ ರಿಪೇರಿ ಅಂತ ಬರೆಸಿದ್ದ. ತಂದೆಗೆ ಹೇಳದೆ ಶೇಠ್ ಹತ್ತಿರ ಮುಂಗಡ 20,000. ಭಿಶಿಯದ್ದು 20,000. ಇದು ಅಸಲು. ಬಡ್ಡಿ ಬೇರೆ.

ಈಗ ಊರಿನ ಕಡೆಯಿಂದ ನೋಡಿ. ಆ 1,25,000 ಬೆಳಗಾವಿಯಲ್ಲೇ ಖರ್ಚಾಗಿದ್ದರೆ ಏನಾಗುತ್ತಿತ್ತು? ಸ್ವಲ್ಪ ರವಿವಾರದ ಸಂತೆಯಲ್ಲಿ ತರಕಾರಿ ಮಾರುವ ಹಳ್ಳಿಯವರ ಕೈಗೆ, ಸ್ವಲ್ಪ ಕಿರಾಣಿ ಅಂಗಡಿಗೆ, ಸ್ವಲ್ಪ ಮಗ್ಗ ರಿಪೇರಿಯ ಮಿಸ್ತ್ರಿಗೆ, ಸ್ವಲ್ಪ ಟೇಲರ್‌ಗೆ. ಅವರು ಮತ್ತೆ ಇಲ್ಲೇ ಖರ್ಚು ಮಾಡುತ್ತಿದ್ದರು. ರೊಕ್ಕ ನಾಲ್ಕು ಕೈ ದಾಟಿ ಊರು ಬಿಡುತ್ತಿತ್ತು. ಆ್ಯಪಿಗೆ ಹೋದ ರೊಕ್ಕ ಒಂದೇ ಹೆಜ್ಜೆಗೆ ಊರು ಬಿಟ್ಟಿತು. ತೆರಿಗೆ ದೆಹಲಿಗೂ ಬೆಂಗಳೂರಿಗೂ ಹೋಯಿತು, ಕಮಿಷನ್ ಕಂಪನಿಯ ಖಾತೆಗೆ ಹೋಯಿತು, ಬೆಳಗಾವಿಯ ಪಾಲಿಕೆಗೆ ನೇರವಾಗಿ ಬಂದದ್ದು ಏನೂ ಇಲ್ಲ. ಇಲ್ಲಿ ಒಬ್ಬರಿಗೂ ಕೆಲಸ ಸಿಗಲಿಲ್ಲ, ಒಂದು ಕಟ್ಟಡ ಏಳಲಿಲ್ಲ.

ಹಾನಿ ಮಾತ್ರ ಇಲ್ಲೇ ಉಳಿಯಿತು. ಕಿರಾಣಿ ಅಂಗಡಿಯವರ ಉದ್ರಿ 9,000 ದಾಟಿದ ಮೇಲೆ ಅವರು ಓಣಿಯ ಎಲ್ಲರಿಗೂ ಉದ್ರಿ ಕಡಿಮೆ ಮಾಡಿದರು. ತಪ್ಪು ಮಾಡದ ಮನೆಗಳಿಗೂ ಅದು ತಟ್ಟಿತು. ಶೇಠ್ ಮುಂಗಡಕ್ಕೆ ವಾರದ ಮಜೂರಿಯಲ್ಲಿ 500 ಮುರಿದುಕೊಳ್ಳತೊಡಗಿದರು. ಎರಡನೇ ಮಗ್ಗದ ಮೋಟರ್ ಸುಟ್ಟಾಗ ಸರಿಮಾಡಿಸಲು ರೊಕ್ಕ ಇರಲಿಲ್ಲ, ಮಗ್ಗ ನಿಂತಿತು, ಆದಾಯ ಅರ್ಧಕ್ಕೆ ಇಳಿಯಿತು. ಡಿಪ್ಲೊಮಾ ಸೀಟು ಸಿಕ್ಕ ಹುಡುಗಿಯ ತಾಯಿ ನೂರಕ್ಕೆ ತಿಂಗಳಿಗೆ ಐದರ ಬಡ್ಡಿಗೆ ಕೈಗಡ ತಂದು ಫೀ ಕಟ್ಟಿದರು. ಹುಡುಗಿ ಓದುತ್ತಿದ್ದಾಳೆ, ಅದೊಂದು ಸಮಾಧಾನ.

ಲೆಕ್ಕಕ್ಕೆ ಸಿಗದ ನಷ್ಟ ಇನ್ನೂ ದೊಡ್ಡದು. ಇಪ್ಪತ್ತು ಹೆಣ್ಣುಮಕ್ಕಳು ಹನ್ನೊಂದು ವರ್ಷ ಒಬ್ಬರ ಕೈಗೆ ಒಬ್ಬರು ಕಾಗದ ಇಲ್ಲದೆ ರೊಕ್ಕ ಕೊಟ್ಟ ನಂಬಿಕೆ ಅದು. ಯಾವ ಸರ್ಕಾರಿ ಯೋಜನೆಯೂ ಅದನ್ನು ಕಟ್ಟಿಕೊಟ್ಟಿರಲಿಲ್ಲ. ಭಿಶಿ ಮುರಿದ ಮೇಲೆ ಇವರಲ್ಲಿ ಹಲವರು ಮೈಕ್ರೊಫೈನಾನ್ಸ್ ಕಡೆ ಹೋದರು. ಬಡ್ಡಿ ಇಲ್ಲದ ರೊಕ್ಕ ಇದ್ದ ಓಣಿಗೆ ವಾರದ ಕಂತು ಬಂತು. ಕಿರುಸಾಲದ ವಸೂಲಿ ಕಿರುಕುಳ ಎಷ್ಟು ಹೆಚ್ಚಿತ್ತು ಅಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಳ ಹಿಂದೆ ಇಂಥ ಎಷ್ಟು ಪಾಸ್‌ಬುಕ್‌ಗಳಿವೆಯೋ, ಯಾರೂ ಎಣಿಸಿಲ್ಲ.

ಲಾಭದ ಅಂಕಿ ಒಂದೇ ಕಡೆ ಇರುತ್ತದೆ, ಬಜೆಟ್ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ. ನಷ್ಟದ ಅಂಕಿ ಸಾವಿರ ಮನೆಗಳ ನೋಟ್‌ಬುಕ್ಕಿನಲ್ಲಿ ಹರಿದು ಹಂಚಿರುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುವ ಕೆಲಸವನ್ನು ಯಾರಾದರೂ ಮಾಡಲೇಬೇಕು.

"ಇಲ್ಲೇ ಕ್ಯಾಸಿನೊ ಮಾಡಿದ್ರ?"

ಮತ್ತೆ ಚಹಾ ಅಂಗಡಿಯ ಮಾತಿಗೆ ಬರುತ್ತೇನೆ. ಆ್ಯಪ್ ಬೇರೆ, ಕ್ಯಾಸಿನೊ ಬೇರೆ, ಕ್ಯಾಸಿನೊದಲ್ಲಿ ಕೆಲಸ ಇದೆ, ಹೋಟೆಲ್ ಇದೆ, ಪ್ರವಾಸಿಗರಿದ್ದಾರೆ ಅಂತ ವಾದಿಸುವವರಿದ್ದಾರೆ. ಈ ವಾದದಲ್ಲಿ ಹುರುಳಿದೆ. ಹಾಗಾಗಿ ಚೆನ್ನಾಗಿ ನೋಡೋಣ.

ಗೋವಾ 1976ರ ತನ್ನ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ದಾರಿ ಮಾಡಿತು. 1996ರಲ್ಲಿ ಹಡಗುಗಳಿಗೂ ಅವಕಾಶ ಕೊಟ್ಟಿತು. ಇವತ್ತು ಪಣಜಿಯ ಮಾಂಡವಿ ನದಿಯಲ್ಲಿ ದೀಪ ಹಚ್ಚಿಕೊಂಡು ನಿಂತಿರುವ ಹಡಗುಗಳು ಅದರ ಫಲ. ಅವರಿಗೆ ಆದಾಯ ಬರುತ್ತಿರುವುದು ನಿಜ, ಕೆಲಸ ಸಿಕ್ಕಿರುವುದೂ ನಿಜ. ಆದರೆ 2020ರ ಫೆಬ್ರವರಿ 1ರಿಂದ ಗೋವಾದವರೇ ಕ್ಯಾಸಿನೊ ಒಳಗೆ ಆಡಲು ಹೋಗುವಂತಿಲ್ಲ. ಅಲ್ಲಿನ ಸರ್ಕಾರವೇ ತನ್ನ ಜನರನ್ನು ತಡೆದಿದೆ. ಚೋರ್ಲಾ ಘಾಟ್ ಇಳಿದು ಮೂರು ತಾಸಿನಲ್ಲಿ ಅಲ್ಲಿಗೆ ಹೋಗುವ ಬೆಳಗಾವಿಯವನಿಗೆ ಬಾಗಿಲು ತೆರೆದಿದೆ. ಪಣಜಿಯವನಿಗೆ ಮುಚ್ಚಿದೆ.

ಇದು ಗೋವಾದ ಒಂದೇ ಕತೆ ಅಲ್ಲ. ನೇಪಾಳದ ಕ್ಯಾಸಿನೊಗಳಿಗೆ ನೇಪಾಳಿಗಳಿಗೆ ಪ್ರವೇಶ ಇಲ್ಲ. ಸಿಂಗಪುರ 2010ರಲ್ಲಿ ಎರಡು ಕ್ಯಾಸಿನೊ ತೆರೆದಾಗ ತನ್ನ ನಾಗರಿಕರಿಗೆ ದಿನಕ್ಕೆ 100 ಸಿಂಗಪುರ ಡಾಲರ್ ಪ್ರವೇಶ ತೆರಿಗೆ ಹಾಕಿತು, 2019ರಲ್ಲಿ 150ಕ್ಕೆ ಏರಿಸಿತು. ಹೊರದೇಶದವರಿಗೆ ಆ ತೆರಿಗೆ ಇಲ್ಲ. ಮನೆಯವರು ಅರ್ಜಿ ಹಾಕಿ ತಮ್ಮವರನ್ನು ಬಾಗಿಲಲ್ಲೇ ತಡೆಸಬಹುದು. ದಕ್ಷಿಣ ಕೊರಿಯಾದಲ್ಲಿ ಒಂದನ್ನು ಬಿಟ್ಟು ಉಳಿದ ಕ್ಯಾಸಿನೊಗಳು ವಿದೇಶಿಗರಿಗೆ ಮಾತ್ರ. ಆ ಒಂದು 2000ದಲ್ಲಿ ಜೊಂಗ್‌ಸಾನ್ ಅನ್ನುವ ಕಲ್ಲಿದ್ದಲು ನಾಡಿನಲ್ಲಿ ಶುರುವಾಯಿತು. ಗಣಿಗಳು ಮುಚ್ಚಿ ಜನ ಕೆಲಸ ಕಳಕೊಂಡಿದ್ದರು, ಅವರಿಗೆ ಬದುಕು ಕೊಡಬೇಕಿತ್ತು. ಕೆಲಸ ಸಿಕ್ಕಿತು. ಅದರ ಜೊತೆಗೆ ರಸ್ತೆಯುದ್ದಕ್ಕೂ ಗಿರವಿ ಅಂಗಡಿಗಳು ಎದ್ದವು. ಸೋತವರು ಕಾರನ್ನು ಅಡವಿಟ್ಟು ಬಿಡಿಸಿಕೊಳ್ಳಲಾಗದೆ ಹೋಗುವ ಊರು ಅಂತ ಅದಕ್ಕೆ ಹೆಸರಾಯಿತು.

ಜೂಜಿನಿಂದ ಲಾಭ ಕಂಡ ಊರುಗಳು ಹೊರಗಿನವರ ರೊಕ್ಕದಿಂದ ಲಾಭ ಕಂಡಿವೆ. ತಮ್ಮವರ ರೊಕ್ಕ ಬಂದರೆ ಅದು ಲಾಭ ಅಲ್ಲ, ಬಲಗೈಯಿಂದ ಎಡಗೈಗೆ ಬಂದದ್ದು, ಅದರಲ್ಲೂ ನಡುವೆ ಕಮಿಷನ್ ಕಳೆದು. ಆ ಊರುಗಳಿಗೆ ಇದು ಗೊತ್ತು. ಅದಕ್ಕೇ ತಮ್ಮವರಿಗೆ ಬಾಗಿಲು ಬಿಗಿ ಮಾಡಿವೆ.

ಬೆಳಗಾವಿಗೆ ಆಡಲು ಯಾರು ಬರುತ್ತಾರೆ? ಸಮುದ್ರ ಗೋವಾದಲ್ಲಿದೆ. ಹಡಗೂ ಅಲ್ಲೇ ಇದೆ. ಮುಂಬೈ, ದೆಹಲಿಯವರು ವಿಮಾನ ಹತ್ತಿ ಬರುವುದು ಅದನ್ನು ನೋಡಿಯೇ. ಇಲ್ಲಿನ ಕ್ಯಾಸಿನೊಗೆ ಬರುವವರು ಖಾನಾಪುರ, ಗೋಕಾಕ, ಚಿಕ್ಕೋಡಿ, ಹುಬ್ಬಳ್ಳಿ, ಕೊಲ್ಹಾಪುರದವರು. ಕಬ್ಬಿನ ಬಿಲ್ಲು ಬಂದ ರೈತ, ಉದ್ಯಮಬಾಗದ ಫೌಂಡ್ರಿ ಕೆಲಸಗಾರ, ವಡಗಾವಿಯ ನೇಕಾರನ ಮಗ. ಗೋವಾಕ್ಕೆ ಹೋಗಿಬರುವ ಪೆಟ್ರೋಲ್ ಖರ್ಚು, ಮೂರು ತಾಸಿನ ಘಾಟ್ ದಾರಿ ಇವತ್ತು ಅವರಲ್ಲಿ ಎಷ್ಟೋ ಜನರನ್ನು ತಡೆದು ನಿಲ್ಲಿಸಿದೆ. ಇಲ್ಲೇ ಮಾಡಿದರೆ ಆ ತಡೆಯೂ ಹೋಗುತ್ತದೆ.

ಅಮೆರಿಕದ ಅಟ್ಲಾಂಟಿಕ್ ಸಿಟಿಯ ಕತೆಯನ್ನೂ ಇದರ ಜೊತೆ ಇಡಬೇಕು. ಸೊರಗಿದ್ದ ಆ ಕಡಲೂರನ್ನು ಎತ್ತಲು ನ್ಯೂಜೆರ್ಸಿಯ ಜನ 1976ರಲ್ಲಿ ಮತ ಹಾಕಿ ಕ್ಯಾಸಿನೊ ಒಪ್ಪಿದರು, 1978ರಲ್ಲಿ ಮೊದಲನೆಯದು ತೆರೆಯಿತು. ವರ್ಷಗಟ್ಟಲೆ ಬಸ್ಸು ಬಸ್ಸು ಜನ ಬಂದರು. ಪಕ್ಕದ ರಾಜ್ಯಗಳೂ ಕ್ಯಾಸಿನೊ ತೆರೆದ ಮೇಲೆ ಹೊರಗಿನವರು ಬರುವುದು ಕಡಿಮೆಯಾಯಿತು. 2014ರ ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೊ ಮುಚ್ಚಿದವು. 2016ರಲ್ಲಿ ನಗರದ ಹಣಕಾಸನ್ನು ರಾಜ್ಯವೇ ಕೈಗೆ ತೆಗೆದುಕೊಳ್ಳಬೇಕಾಯಿತು. ನಮ್ಮ ಪಕ್ಕದ ರಾಜ್ಯವಾದರೋ ನಾವು ತೆರೆಯುವ ಮೊದಲೇ ತೆರೆದು ಕೂತಿದೆ.

ಇನ್ನೊಂದು ಪಕ್ಕದ ಮಹಾರಾಷ್ಟ್ರದ್ದು ಗಮನಿಸುವಂಥ ನಡೆ. 1976ರಲ್ಲೇ ಕ್ಯಾಸಿನೊಗೆ ಅವಕಾಶ ಕೊಡುವ ಕಾಯ್ದೆ ಮಾಡಿ, ಒಂದು ದಿನವೂ ಜಾರಿಗೆ ತರದೆ ಇಟ್ಟುಕೊಂಡು, 2023ರಲ್ಲಿ ರದ್ದು ಮಾಡಿತು. ಅಷ್ಟು ವರ್ಷ ಎಷ್ಟು ಸರ್ಕಾರಗಳು ಬಂದರೂ ಆ ಬಾಗಿಲು ತೆರೆಯುವ ಧೈರ್ಯ ಮಾಡಲಿಲ್ಲ.

ನಿಷೇಧ ಮಾಡಿದರೆ ಎಲ್ಲ ಸರಿಹೋಗುತ್ತದಾ? ಇಲ್ಲ. ಮಟಕಾ ನಿಂತಿಲ್ಲ ಅನ್ನುವುದೇ ಸಾಕ್ಷಿ. ಚೀಟಿ, ಪೆನ್ನು, ಒಂದಿಷ್ಟು ನಗದು ಜಪ್ತಿ ಮಾಡಿ ಕೇಸು ಹಾಕುತ್ತಾರೆ. ಬರೆಯುವವನು ಸಿಗುತ್ತಾನೆ, ಬುಕ್ಕಿ ಸಿಗುವುದು ಅಪರೂಪ. ಕಾನೂನು ಸಡಿಲ ಮಾಡಿ ಹತೋಟಿಯಲ್ಲಿಡಿ ಅನ್ನುವವರು ತೋರಿಸುವ ಈ ದೋಷ ನಿಜವಾದದ್ದು. ಆದರೆ ಹತೋಟಿ ಅಂದರೆ ಏನು ಅಂತ ಬ್ರಿಟನ್ ನೋಡಿ ತಿಳಿಯಬೇಕು. 2005ರ ಕಾಯ್ದೆಯಿಂದ ಅಲ್ಲಿ ಜೂಜು ಸಡಿಲವಾಯಿತು. ಬೆಟ್ಟಿಂಗ್ ಅಂಗಡಿಗಳಲ್ಲಿನ ಯಂತ್ರಕ್ಕೆ ಒಂದು ಸಲಕ್ಕೆ 100 ಪೌಂಡ್‌ವರೆಗೆ ಹಚ್ಚಬಹುದಿತ್ತು. ಬಡವರ ಬೀದಿಗಳಲ್ಲೇ ಆ ಅಂಗಡಿಗಳು ದಟ್ಟವಾದವು. ಅದನ್ನು 2 ಪೌಂಡಿಗೆ ಇಳಿಸಲು 2019ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಅಷ್ಟು ಬಲವಾದ ಆಡಳಿತ ಇರುವ ದೇಶಕ್ಕೇ ಅಷ್ಟು ವರ್ಷ ಹಿಡಿಯಿತು. ಒಮ್ಮೆ ಆದಾಯ ರೂಢಿಯಾದ ಮೇಲೆ ಬಿಡುವುದು ಸರ್ಕಾರಕ್ಕೂ ಕಷ್ಟ.

2025ರ ಆಗಸ್ಟ್ ನಂತರ

ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ರೊಕ್ಕ ಹಚ್ಚುವ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೂ ಶಿಕ್ಷೆ. ಬ್ಯಾಂಕುಗಳು ಆ ಪಾವತಿ ಮಾಡುವಂತಿಲ್ಲ. ಆಡಿದವನಿಗೆ ಶಿಕ್ಷೆ ಇಲ್ಲ, ಅದು ಸರಿಯಾದದ್ದೇ. ವರ್ಷಕ್ಕೆ ಸುಮಾರು 45 ಕೋಟಿ ಜನ ಸೇರಿ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಅನ್ನುವುದು ಆಗ ಸರ್ಕಾರ ಕೊಟ್ಟ ಅಂದಾಜು. ದೊಡ್ಡ ಆ್ಯಪ್‌ಗಳು ರೊಕ್ಕದ ಆಟ ನಿಲ್ಲಿಸಿದವು.

ನಮ್ಮ ಹುಡುಗನ ಫೋನಿಗೆ ಕೆಲವೇ ವಾರದಲ್ಲಿ ವಾಟ್ಸ್‌ಆ್ಯಪ್ ಸಂದೇಶ ಬಂತು. "ಐಡಿ ಬೇಕೇನ್ರಿ? ಐನೂರಕ್ಕ ಚಾಲೂ." ಗುರುತಿಲ್ಲದ ನಂಬರ್. ಹೊರದೇಶದ ಜೂಜಿನ ಸೈಟಿಗೆ ಇಲ್ಲಿನ ಏಜೆಂಟು. ಅವನು ಅದನ್ನು ತಂದು ನನಗೆ ತೋರಿಸಿದ, ನಂಬರ್ ಬ್ಲಾಕ್ ಮಾಡಿದ. ಆದರೆ ಅವನ ಕೈ ಸ್ವಲ್ಪ ನಡುಗುತ್ತಿತ್ತು. ಇದು ಬರೀ ದುರಾಸೆ ಅಲ್ಲ, ವೈದ್ಯಶಾಸ್ತ್ರ ಇದನ್ನು ಚಟದ ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟಿದೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ತಂದೆಯೇ ಕರೆದುಕೊಂಡು ಹೋದರು. ಹೋಗುವಾಗ ಓಣಿಯವರಿಗೆ ಲಗ್ನಕ್ಕೆ ಹೊರಟಿದ್ದೇವೆ ಅಂತ ಹೇಳಿದ್ದರು. ಹಾಗೆ ಮುಚ್ಚಿಡಬೇಕಾದ ವಿಷಯ ಇದಲ್ಲ. ಫೋನಿನಲ್ಲೇ ಮಾತಾಡಬೇಕಾದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ರೊಕ್ಕ ಕೊಡಬೇಕಿಲ್ಲ.

ಸಾಲ ತೀರಿಸಲು ಒಂದು ಕ್ರಮ ಮಾಡಿಕೊಂಡಿದ್ದೇವೆ. ಹುಡುಗನ ಪಗಾರ ಈಗ ತಂದೆಯ ಜೊತೆಗಿನ ಜಂಟಿ ಖಾತೆಗೆ ಬರುತ್ತದೆ. ಅವನ ಫೋನಿನಲ್ಲಿ ಯುಪಿಐ ಇಲ್ಲ. ಮೊದಲು ಭಿಶಿಯ 20,000, ಏಕೆಂದರೆ ಅದು ಓಣಿಯ ರೊಕ್ಕ. ತಿಂಗಳಿಗೆ 4,000ದಂತೆ ಐದು ತಿಂಗಳಲ್ಲಿ ಅದು ತೀರಿತು. ಡಿಪ್ಲೊಮಾ ಹುಡುಗಿಯ ತಾಯಿ ಕಟ್ಟಿದ ಬಡ್ಡಿಯನ್ನೂ ಇವರೇ ಕೊಡಬೇಕು ಅಂತ ಓಣಿಯ ಹಿರಿಯ ಅಜ್ಜಿ ಹೇಳಿದಳು, ಕೊಟ್ಟರು. ಮೈಕ್ರೊಫೈನಾನ್ಸ್ ಕಂತು, ಬಂಗಾರದ ಸಾಲ ನಡೆಯುತ್ತಿವೆ.

ಭಿಶಿ ಮತ್ತೆ ಶುರುವಾಗಿದೆ, ಈ ಸಲ ಒಂಬತ್ತು ಮನೆ. ಬೇರೆ ಅಕ್ಕ ನಡೆಸುತ್ತಾರೆ, ನಗದು ಮಾತ್ರ, ಕೂಡಿದ ದಿನವೇ ಎಲ್ಲರೆದುರು ಎಣಿಸಿ ಕೊಟ್ಟುಬಿಡುತ್ತಾರೆ. ಮೊದಲು ನಡೆಸುತ್ತಿದ್ದ ತಾಯಿಯನ್ನು ಸೇರಿಸಿಕೊಳ್ಳಬೇಕಾ ಅನ್ನುವುದರ ಮೇಲೆ ಎರಡು ಸಲ ಮಾತಾಗಿದೆ. ಐದು ಮನೆಯವರು ಬರಲಿ ಅಂದರು, ನಾಲ್ಕು ಮನೆಯವರು ಬಂಗಾರ ಬಿಡಿಸಿಕೊಂಡ ಮೇಲೆ ನೋಡೋಣ ಅಂದಿದ್ದಾರೆ.